ಮಂಗನ ಕಾಯಿಲೆ: ಕಾರಣಗಳು ಮತ್ತು ಲಕ್ಷಣಗಳು

1957ರ ಮಾರ್ಚ್ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬಿದ್ದವು. ಅದೇ ವೇಳೆಗೆ ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ಹೊಸ ವೈರಾಣುವನ್ನು ಪತ್ತೆಹಚ್ಚಿದರು. ಕ್ಯಾಸನೂರು ಅರಣ್ಯ ರೋಗವೆಂದು ಹೆಸರಾದ ಇದನ್ನು ಜನರು ಮಂಗನ ಕಾಯಿಲೆ ಎಂದು ಕರೆಯುತ್ತಾರೆ. 2012ರ ನಂತರ ಇದು ಚಾಮರಾಜನಗರ, ನೀಲಗಿರಿ, ವಯನಾಡು, ಗೋವಾ ಮುಂತಾದೆಡೆಗಳಲ್ಲಿಯೂ ಕಾಣಿಸಿಕೊಂಡಿದೆ.

ರೋಗ ಹರಡುವ ಬಗೆ

ಹೆಸರಿನಲ್ಲಿ ಮಂಗವಿದ್ದರೂ ರೋಗವನ್ನು ಮನುಷ್ಯರಿಗೆ ತಲುಪಿಸುವುದು ಕಾಡಿನ ಉಣುಗು. ಮಂಗವೂ ಮನುಷ್ಯನಂತೆ ಈ ರೋಗಕ್ಕೆ ಬಲಿಯಾಗುವ ಪ್ರಾಣಿಯೇ ಆಗಿದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ತರಗೆಲೆಗಳ ಮೇಲೆ ಉದುರುತ್ತವೆ. ಸೌದೆ, ದರಗು ತರಲು ಅಥವಾ ದನ ಮೇಯಿಸಲು ಹೋದವರಿಗೆ ಅವು ಕಚ್ಚಿದಾಗ ಸೋಂಕು ತಗಲುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವ ಕಾರಣವಿಲ್ಲ. ನವೆಂಬರ್‌ನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು.

ಲಕ್ಷಣಗಳು

ಸೋಂಕು ತಗಲಿದ 3ರಿಂದ 8 ದಿನಗಳಲ್ಲಿ ಹಠಾತ್ತಾಗಿ ಚಳಿಜ್ವರ, ಹಣೆಯ ಭಾಗದಲ್ಲಿ ವಿಪರೀತ ನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ಒಸಡು ಅಥವಾ ಕರುಳಿನಿಂದ ರಕ್ತಸ್ರಾವವಾಗುತ್ತದೆ. ಜ್ವರ ಇಳಿದ ಕೆಲವು ರೋಗಿಗಳಲ್ಲಿ ಮೂರನೆಯ ವಾರದಲ್ಲಿ ಅದು ಮರುಕಳಿಸಿ, ನಡುಕ, ದೃಷ್ಟಿದೋಷ ಹಾಗೂ ಮತಿಭ್ರಮಣೆ ತಲೆದೋರಬಹುದು. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾವಿಗೀಡಾಗುತ್ತಾರೆ.

ಲಸಿಕೆಯ ಅನುಭವ

ಚೆನ್ನೈನ ಅಂಬತ್ತೂರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಿದೆ. ಅದರ ತಜ್ಞರು ಕರ್ನಾಟಕದ ಆರೋಗ್ಯಾಧಿಕಾರಿಗಳೊಡನೆ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದರು. ಅಂದಿನ ಲಸಿಕೆಯ ಎರಡು ವರಸೆಗಳು ಸುಮಾರು ಶೇ. 62ರಷ್ಟು, ಅವುಗಳ ನಂತರ ಬಲವರ್ಧಕ ವರಸೆಯನ್ನೂ ಪಡೆದರೆ ಸುಮಾರು ಶೇ. 83ರಷ್ಟು ರಕ್ಷಣೆ ನೀಡಿದವೆಂದು ತಿಳಿದುಬಂತು. ಆದರೆ ಲಸಿಕೆ ಪಡೆದವರ ಪ್ರಮಾಣವೇ ಕಡಿಮೆಯಿತ್ತು. 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ರೋಗಕ್ಕೆ ನಿರ್ದಿಷ್ಟ ಔಷಧಿಯೂ ಇಲ್ಲದಿರುವುದರಿಂದ ಎಚ್ಚರಿಕೆಯೇ ಮುಖ್ಯ ರಕ್ಷಣೆಯಾಗಿದೆ.

ಪಾಲಿಸಬೇಕಾದ ಕ್ರಮಗಳು

ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ತೆರೆದ ಭಾಗಗಳಿಗೆ ಆರೋಗ್ಯ ಇಲಾಖೆ ನೀಡುವ ಡೇಪಾ ತೈಲವನ್ನು ಲೇಪಿಸಿಕೊಳ್ಳಬೇಕು. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಜ್ವರ ಬಂದರೆ ಆಸ್ಪಿರಿನ್‌ನಂತಹ ನೋವಿನ ಮಾತ್ರೆಗಳನ್ನು ತಾವಾಗಿ ಸೇವಿಸಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ರಕ್ತಪರೀಕ್ಷೆ ಬೇಗ ನಡೆಯುತ್ತದೆ. ಸಕಾಲದ ಶುಶ್ರೂಷೆಯಿಂದ ಬಹುಪಾಲು ರೋಗಿಗಳು ಗುಣಹೊಂದುತ್ತಾರೆ.