ಕಾಡಂಚಿನ ಬೇಲಿಗೆ ಬೇಕಾದ ಬ್ಯಾಟರಿ

ಹನೂರು ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಆನೆಗಳನ್ನು ತಡೆಯಲು ಹಾಕುವ ಸೋಲಾರ್ ಬೇಲಿಗೂ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಹಾಡಿಗಳಾದ ಪೋಡುಗಳ ಸೋಲಾರ್ ದೀಪಕ್ಕೂ, ಕೊಳ್ಳೇಗಾಲ ಪೇಟೆಯ ಅಂಗಡಿಗಳ ಯುಪಿಎಸ್‌ಗೂ ಆಧಾರ ಬ್ಯಾಟರಿಯೇ. ಆನೆಗಳು ಬೆಳೆಗೆ ಇಳಿಯುವುದು ಹೆಚ್ಚಾಗಿ ರಾತ್ರಿಯಲ್ಲಾದ್ದರಿಂದ, ಹಗಲಿನ ಬಿಸಿಲನ್ನು ಕೂಡಿಟ್ಟುಕೊಳ್ಳುವ ಬ್ಯಾಟರಿ ಸೊರಗಿದರೆ ಬೇಲಿ ಬರಿಯ ತಂತಿಯಾಗಿ ಉಳಿಯುತ್ತದೆ.

ಇಂತಹ ಕಡೆ ಬಹುಕಾಲದಿಂದ ಬಳಕೆಯಲ್ಲಿರುವುದು ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಬ್ಯಾಟರಿ. ಇದಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು. ನೀರು ಇಳಿದು ಫಲಕಗಳು ಗಾಳಿಗೆ ಬಿದ್ದರೆ ಅವು ಬೇಗ ಹಾಳಾಗುತ್ತವೆ, ಹಳೆಯದನ್ನು ಎಲ್ಲೆಂದರಲ್ಲಿ ಒಡೆದು ಕರಗಿಸಿದರೆ ಸೀಸದ ದೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಹಗುರವಾದ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಈ ತೊಂದರೆಗಳಿಲ್ಲವಾದರೂ, ಅದರೊಳಗಿನ ವಿದ್ಯುದ್ವಿಚ್ಛೇದ್ಯ, ಅಂದರೆ ವಿದ್ಯುದಾವೇಶದ ಕಣಗಳು ಸಂಚರಿಸುವ ದ್ರವ, ಸಾಮಾನ್ಯವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಮತ್ತು ಅವರ ಪಿಎಚ್‌.ಡಿ. ವಿದ್ಯಾರ್ಥಿಯ ನೇತೃತ್ವದ ತಂಡವು ಲಿಥಿಯಂ ಬದಲು ಸೋಡಿಯಂ ಬಳಸುವ ಬ್ಯಾಟರಿಯೊಂದನ್ನು ರೂಪಿಸಿದ್ದು, 2025ರಲ್ಲಿ ಅದರ ವಿವರ ಪ್ರಕಟವಾಯಿತು. ಇದರ ಆನೋಡು, ಅಂದರೆ ಚಾರ್ಜ್ ಆಗುವಾಗ ಸೋಡಿಯಂ ಕಣಗಳು ಬಂದು ಸೇರುವ ಧ್ರುವ, ವನೇಡಿಯಂ, ನಿಯೋಬಿಯಂ ಮತ್ತು ಅಲ್ಯೂಮಿನಿಯಂ ಇರುವ ಫಾಸ್ಫೇಟಿನದು. ಆ ಫಾಸ್ಫೇಟಿನ ಹರಳಿನೊಳಗೆ ಸೋಡಿಯಂ ಸುಲಭವಾಗಿ ಸಾಗುವಷ್ಟು ವಿಶಾಲವಾದ ಹಾದಿಗಳಿವೆ. ಸಂಶೋಧಕರು ಅದರ ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿ, ಅವುಗಳ ಮೇಲೆ ತೆಳುವಾದ ಇಂಗಾಲದ ಪದರ ಹೊದಿಸಿ, ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದ್ದರಿಂದ ಬ್ಯಾಟರಿಯು ಆರೇ ನಿಮಿಷಗಳಲ್ಲಿ ಶೇ. 80ರಷ್ಟು ತುಂಬಿಕೊಂಡು, 3,000ಕ್ಕೂ ಹೆಚ್ಚು ಬಾರಿಯ ಚಾರ್ಜಿಗೆ ಬಾಳಿಕೆ ಬಂದಿದೆ. ದಿನಕ್ಕೊಂದು ಚಾರ್ಜ್ ಎಂದು ಲೆಕ್ಕ ಹಿಡಿದರೆ ಅದು ಎಂಟು ವರ್ಷಗಳ ಬಾಳಿಕೆ.

ಸೋಡಿಯಂ ಉಪ್ಪಿನಲ್ಲೇ ಹೇರಳವಾಗಿ ಸಿಗುತ್ತದೆ, ನಿಜ. ಆದರೆ ಜಗತ್ತಿನ ನಿಯೋಬಿಯಂ ಬಹುಪಾಲು ಬ್ರೆಜಿಲ್ ಒಂದರಿಂದಲೇ ಬರುವುದರಿಂದ ಈ ಬ್ಯಾಟರಿ ಅಗ್ಗವೇ ಆಗುತ್ತದೆಂದು ಈಗಲೇ ಹೇಳಲಾಗದು. ಸೋಡಿಯಂ ಬ್ಯಾಟರಿ ಅಷ್ಟೇ ವಿದ್ಯುತ್ತಿಗೆ ಲಿಥಿಯಂನದಕ್ಕಿಂತ ಭಾರವಾಗಿರುವುದೂ ಕಾರು ತಯಾರಕರಿಗೆ ದೊಡ್ಡ ಕೊರತೆಯೇ. ಬೇಲಿಯ ಪಕ್ಕದ ಪೆಟ್ಟಿಗೆಯಲ್ಲೋ ಪೋಡಿನ ಮನೆಯ ಮೂಲೆಯಲ್ಲೋ ಕುಳಿತೇ ಇರುವ ಬ್ಯಾಟರಿಗೆ ಮಾತ್ರ ಭಾರ ಲೆಕ್ಕಕ್ಕೆ ಬರುವುದಿಲ್ಲ, ಸುರಕ್ಷತೆ ಮತ್ತು ಬಾಳಿಕೆಗಳೇ ಮುಖ್ಯ. ಆದ್ದರಿಂದ ಪ್ರಯೋಗಾಲಯದಿಂದ ಹೊರಬರುವ ಇಂತಹ ಬ್ಯಾಟರಿಗಳನ್ನು ನಗರದ ವಾಹನಗಳಿಗಿಂತ ಮೊದಲು ಹನೂರು, ಯಳಂದೂರಿನ ಬಿಸಿಲು ಮಳೆಗಳಲ್ಲಿ ಪರೀಕ್ಷಿಸಬೇಕು, ಆ ಪರೀಕ್ಷೆಯಲ್ಲಿ ಕೊಳ್ಳೇಗಾಲದ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕು.