ಮೂರು ತಿಂಗಳ ಜೋಳ ಮನೆಯಲ್ಲಿರಲಿ

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ತೊಗರಿ ರಾಶಿ ಆಯ್ತೆಂದರೆ ಚೀಲಗಳು ಕಣದಿಂದ ಸೀದಾ ಅಡತಿ ಅಂಗಡಿಗೆ ಹೋಗುತ್ತವೆ. ಸಾಲ ಇರುತ್ತದೆ, ತಪ್ಪೆನ್ನಲಾಗದು. ಆದರೆ ಐದಾರು ತಿಂಗಳಾದ ಮೇಲೆ ಅದೇ ರೈತ ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗಿಸುತ್ತ ನಿಂತಿರುತ್ತಾನೆ. 2014-15ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,350 ರೂಪಾಯಿ. 2015ರ ಅಕ್ಟೋಬರಿನಲ್ಲಿ ಪೇಟೆಯಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ತೊಗರಿ ಬೆಳೆಯುವ ಜಿಲ್ಲೆಯಲ್ಲೇ ಸಾರು ತೆಳ್ಳಗಾಯಿತು.

ಬೆಲೆಯದು ಒಂದು ಮಾತು. ದುಡ್ಡಿದ್ದರೂ ಕಾಳು ಸಿಗದ ದಿನಗಳೂ ಬರುತ್ತವೆ. 2020 ನೆನಪಿದೆಯಲ್ಲ? ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ಆಯಿತು, ಹಿಂದೆಯೇ ಎಲ್ಲ ಬಂದಾಯಿತು. ಹಿಂಗಾರಿ ಜೋಳ ಆಗಷ್ಟೇ ರಾಶಿಯಾಗಿತ್ತು. ಜೋಳ ಮನೆಗೆ ತಂದವರಿಗೆ ರೊಟ್ಟಿಯ ಚಿಂತೆ ಇರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ಎರಡೂ ಉಕ್ಕಿದವು. ಈ ಸಲ ಕಾಳು ಇದ್ದವರದೂ ನೆಲದ ಮೇಲಿದ್ದ ಚೀಲ ನೀರು ಕುಡಿಯಿತು. ಅಂದರೆ ಕಾಳು ಇದ್ದರೆ ಸಾಲದು, ಎಲ್ಲಿಟ್ಟಿದ್ದೀರಿ ಎಂಬುದೂ ಅಷ್ಟೇ ಮುಖ್ಯ.

ಎಷ್ಟು ಬೇಕು? ಮೂವರು ದೊಡ್ಡವರು, ಇಬ್ಬರು ಮಕ್ಕಳಿರುವ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಜೋಳ ಹಿಡಿಯಿರಿ. ತಿಂಗಳಿಗೆ 45 ಕಿಲೋ, ಮೂರು ತಿಂಗಳಿಗೆ 135. ಬೇಳೆ ದಿನಕ್ಕೆ 200 ಗ್ರಾಂ ಅಂದರೆ ಮೂರು ತಿಂಗಳಿಗೆ 18 ಕಿಲೋ. ಇಷ್ಟು ಬೇಳೆಗೆ ಸುಮಾರು 26 ಕಿಲೋ ತೊಗರಿ ಒಡೆಯಬೇಕು. ಒಂದೂವರೆ ಕ್ವಿಂಟಲ್ ಜೋಳ, ಅರ್ಧ ಚೀಲ ತೊಗರಿ, ಅಷ್ಟೇ. ಇದನ್ನು ಮಾರಾಟಕ್ಕೆ ಮೊದಲೇ ಎತ್ತಿಡಬೇಕು, ಉಳಿದರೆ ಇಡೋಣ ಎಂದರೆ ಉಳಿಯುವುದಿಲ್ಲ. ರೇಷನ್ ಅಕ್ಕಿ ಬರುತ್ತದಲ್ಲ ಎನ್ನಬಹುದು. ಬರಲಿ, ಆದರೆ ದಾರಿ ಕಡಿದ ದಿನ ಅದೂ ಬರುವುದಿಲ್ಲ.

ಜೋಳವನ್ನು ಕಾಳಾಗಿಯೇ ಇಡಿ. ಹಿಟ್ಟು ಮಾಡಿಸಿಟ್ಟರೆ ಕೆಲವೇ ವಾರಗಳಲ್ಲಿ ಕಹಿಯಾಗುತ್ತದೆ. ತೊಗರಿಗೆ ಇದರ ಉಲ್ಟಾ ಲೆಕ್ಕ. ನುಸಿ ಹುಳು ಮೊಟ್ಟೆ ಇಡುವುದು ಇಡೀ ಕಾಳಿನ ಮೇಲೆ. ಹೊಲದಲ್ಲಿ ಕಾಯಿಯ ಮೇಲೆಯೇ ಇಟ್ಟು ಕಾಳಿನೊಳಗೆ ಕುಳಿತು ಮನೆಗೂ ಬರುತ್ತದೆ. ಒಡೆದ ಬೇಳೆಯಲ್ಲಿ ಅದು ಅಷ್ಟಾಗಿ ಬೆಳೆಯುವುದಿಲ್ಲ. ನಮ್ಮ ಹಿರಿಯ ಹೆಣ್ಣುಮಕ್ಕಳು ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ಇಡುತ್ತಿದ್ದುದು ರುಚಿಗೊಂದೇ ಅಲ್ಲ.

ಎಲ್ಲಕ್ಕೂ ಮೂಲ ಒಣಗಿಸುವುದು. ಕಾಳನ್ನು ಹಲ್ಲಲ್ಲಿ ಕಡಿದರೆ ‘ಕಟ್’ ಎನ್ನಬೇಕು. ಇನ್ನೊಂದು ಪರೀಕ್ಷೆ: ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ. ಉಪ್ಪು ಗಾಜಿಗೆ ಮೆತ್ತಿದರೆ ತೇವ ಇನ್ನೂ ಜಾಸ್ತಿ ಇದೆ, ಮತ್ತೆ ಬಿಸಿಲಿಗೆ ಹಾಕಿ. ಒಣಗಿದ ಕಾಳನ್ನು ಬಿಸಿ ಇರುವಾಗಲೇ ತುಂಬಬೇಡಿ, ಒಳಗೇ ಬೆವರಿ ಬೂಸು ಹಿಡಿಯುತ್ತದೆ. ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ತುಂಬಿ.

ತುಂಬುವ ಡಬ್ಬಿ, ಡ್ರಮ್ಮು ಗಾಳಿಯಾಡದಂತಿರಬೇಕು, ಕಂಠಮಟ್ಟ ತುಂಬಿರಬೇಕು. ಒಳಗಿರುವ ಹುಳು ಇದ್ದಷ್ಟು ಗಾಳಿ ಉಸಿರಾಡಿ ಮುಗಿಸಿ ತಾನೇ ಸಾಯುತ್ತದೆ. ಅರ್ಧ ಖಾಲಿ ಡ್ರಮ್ಮಿನಲ್ಲಿ ಅದಕ್ಕೆ ಬೇಕಾದಷ್ಟು ಗಾಳಿ! ತೊಗರಿಗೆ ತೊಳೆದು ಒಣಗಿಸಿದ ನೀರಿನ ಬಾಟಲಿ, ಎಣ್ಣೆ ಕ್ಯಾನು ಸಾಕು. ಆಫ್ರಿಕದ ಕ್ಯಾಮರೂನಿನಲ್ಲಿ 1980ರ ದಶಕದ ಕೊನೆಗೆ ಅಲಸಂದೆ ಉಳಿಸಲು ಹುಟ್ಟಿದ ಮೂರು ಪದರದ ಚೀಲದ ಗುಟ್ಟೂ ಇದೇ. ಬೇವಿನ ತಪ್ಪಲು ಹಾಕುವುದಾದರೆ ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ, ಹಸಿ ತಪ್ಪಲು ತೇವ ಬಿಡುತ್ತದೆ.

ಇದೇ ಗುಟ್ಟಿನ ಮೇಲೆ ನಿಂತದ್ದು ನಮ್ಮ ಹಳೆಯ ಹಗೇವು. ನೆಲದಲ್ಲಿ ಗುಂಡಿ, ಸುತ್ತ ಒಣ ಕಣಿಕಿ ಹೊದಿಕೆ, ಒಳಗೆ ಜೋಳ, ಬಾಯಿಗೆ ಕಲ್ಲು-ಮಣ್ಣು. ಬರಗಾಲಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಕಾಗಿಣಾ ದಂಡೆಯ ಮಳಖೇಡದಂಥ ಊರುಗಳ ತಗ್ಗಿನಲ್ಲಿ ಹಗೇವು ನಂಬಬೇಡಿ, ನೆಲದ ತೇವವೇ ಅದನ್ನು ಕೊಲ್ಲುತ್ತದೆ. ಎತ್ತರದ ಜಾಗದವರು ತೆರೆಯುವಾಗ ಜೋಪಾನ. ಕಾಳು ಉಸಿರಾಡಿ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದು ಒಂದು ದಿನ ಬಿಡಿ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಿ. ದೀಪ ಆರಿದರೆ ಯಾರೂ ಇಳಿಯಕೂಡದು. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಯಬೇಕು, ಮೇಲೆ ಇಬ್ಬರು ಹಿಡಿದಿರಬೇಕು. ಒಳಗೆ ಒಬ್ಬ ಬಿದ್ದರೆ ಹಿಂದೆಯೇ ಇನ್ನೊಬ್ಬ ಹಾರಬಾರದು, ಹಗ್ಗದಿಂದಲೇ ಎಳೆಯಬೇಕು.

ನುಸಿಗೆಂದು ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಮನೆಯೊಳಗೆ ಬೇಡವೇ ಬೇಡ. ಅದರ ಗಾಳಿ ಮಲಗಿದವರನ್ನೂ ಕೊಲ್ಲುತ್ತದೆ. ಗುಳಿಗೆ ಇಟ್ಟ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವ ಮನೆಗಳು ಇನ್ನೂ ಇವೆ.

ನದಿ ದಂಡೆಯವರು ಡ್ರಮ್ಮನ್ನು ಅಟ್ಟದ ಮೇಲೋ, ಎದೆಯೆತ್ತರದ ಫರಸಿ ಕಟ್ಟೆಯ ಮೇಲೋ ಇಡಿ. ಶಹಾಬಾದ ಕಲ್ಲು ನಮಗೇನು ದೂರವಲ್ಲ. ನೆರೆಯ ಮೊದಲ ಮೂರು ದಿನ ಒಲೆ ಹತ್ತುವುದೇ ಕಷ್ಟ, ಅದಕ್ಕೆ ಖಡಕ್ ರೊಟ್ಟಿ ಬೇಕು. ಚೆನ್ನಾಗಿ ಒಣಗಿದ್ದು ತಿಂಗಳು ಇರುತ್ತದೆ. ಮಳೆಗಾಲದಲ್ಲಿ ಐವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಹುಣಸೆಹಣ್ಣು ಸದಾ ತಯಾರಿರಲಿ. ಉಪ್ಪು, ಕಡ್ಡಿಪೆಟ್ಟಿಗೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನೆರೆ ಇಳಿದ ಮೇಲೆ ಬಾವಿ, ಬೋರಿನ ನೀರನ್ನು ಕುದಿಸದೆ ಕುಡಿಯಬೇಡಿ, ಅದಕ್ಕೆ ಬೇಕಾದ ಒಣ ಕಟ್ಟಿಗೆಯೂ ಅಟ್ಟದ ಮೇಲಿರಲಿ.

ಡ್ರಮ್ಮಿನ ಮೇಲೆ ಸುಣ್ಣದಲ್ಲಿ ತಿಂಗಳು, ವರ್ಷ ಬರೆಯಿರಿ. ಹೊಸ ಜೋಳ ಮನೆಗೆ ಬಂದಾಗ ಮೊದಲು ಹಳೆಯದನ್ನು ಗಿರಣಿಗೆ ಹಾಕಿಸಿ, ಹೊಸದನ್ನು ಅದರ ಜಾಗಕ್ಕೆ ತುಂಬಿ.