ಮೊದಲ ಸ್ಥಾನ ಮಾರಾಟಕ್ಕಿಲ್ಲ



ಮಾದರಿ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡದೆ "ಈ ವರ್ಷದ ಅತಿ ಹೆಚ್ಚಿನ ಧಾರಣೆ ಕೊಡಿಸುತ್ತೇನೆ, ಮೊದಲು ನನ್ನ ದಲ್ಲಾಳಿ ಕೊಡಿ" ಎನ್ನುವವನನ್ನು ನಮ್ಮಲ್ಲಿ ಯಾರೂ ಅಂಗಳಕ್ಕೆ ಸೇರಿಸುವುದಿಲ್ಲ. ಔಟ್‌ಟರ್ನ್ ನೋಡದೆ ಕಾಫಿಗೆ ಬೆಲೆ ಕಟ್ಟುವವನ ಮಾತನ್ನೂ ನಂಬುವುದಿಲ್ಲ. ಆದರೆ ದೂರವಾಣಿಯಲ್ಲಿ ಅಪರಿಚಿತ ದನಿಯೊಂದು "ನಿಮ್ಮ ಹೋಂಸ್ಟೇಯನ್ನು, ನಿಮ್ಮ ಕಾಫಿಪುಡಿ ಅಂಗಡಿಯನ್ನು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ" ಎಂದರೆ ಮಾತ್ರ ನಮ್ಮ ಎಚ್ಚರ ಸ್ವಲ್ಪ ಸಡಿಲವಾಗುತ್ತದೆ. ಸರಕು ಹೊಸದು, ಅದನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ ಎಂಬುದೇ ಇದಕ್ಕೆ ಕಾರಣ. ಆ ತಕ್ಕಡಿ ಹೇಗಿರಬೇಕೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಏನಿದು ಎಸ್‌ಇಒ?

ಜನರು ಮೊಬೈಲಿನಲ್ಲಿ ಏನನ್ನಾದರೂ ಹುಡುಕಿದಾಗ ಬರುವ ಪಟ್ಟಿಯಲ್ಲಿ ಒಂದು ವ್ಯಾಪಾರದ ಹೆಸರು ಸರಿಯಾಗಿ, ಸುಲಭವಾಗಿ ಕಾಣುವಂತೆ ಮಾಡುವ ಕೆಲಸಕ್ಕೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್, ಚುಟುಕಾಗಿ ಎಸ್‌ಇಒ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಎರಡು ಬಗೆಯುಂಟು. ಒಂದು, ಹಣ ಕೊಟ್ಟು ಹಾಕಿಸಿದ ಜಾಹೀರಾತು. ಅದರ ಮೇಲೆ ಪ್ರಾಯೋಜಿತ ಎಂಬ ಗುರುತಿರುತ್ತದೆ. ಹಣ ನಿಂತ ದಿನ ಅದೂ ನಿಲ್ಲುತ್ತದೆ. ಇನ್ನೊಂದು, ಸಹಜವಾಗಿ ಬರುವ ಪಟ್ಟಿ. ಎಸ್‌ಇಒ ಈ ಎರಡನೆಯದಕ್ಕೆ ಸಂಬಂಧಿಸಿದ್ದು.

ಊರಿನ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮುಖ್ಯವಾಗಿ ಮೂರು ಅಂಶಗಳನ್ನು ನೋಡುವುದಾಗಿ ತಿಳಿಸಿದೆ: ಕೇಳಿದ್ದಕ್ಕೂ ಅಂಗಡಿಗೂ ಇರುವ ಹೊಂದಾಣಿಕೆ, ಕೇಳುವವನಿಗೂ ಅಂಗಡಿಗೂ ಇರುವ ದೂರ, ಅಂಗಡಿಗೆ ಇರುವ ಹೆಸರು. ಹಣ ಕೊಟ್ಟು ಈ ಪಟ್ಟಿಯಲ್ಲಿ ಮೇಲೇರುವ ದಾರಿ ಇಲ್ಲವೆಂದೂ, ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದೂ ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಹೊಂದಾಣಿಕೆಯನ್ನು ತಿದ್ದಬಹುದು, ಹೆಸರನ್ನು ನಿಧಾನವಾಗಿ ಗಳಿಸಬಹುದು. ದೂರವನ್ನು ಯಾವ ಏಜೆಂಟನೂ ಕಡಿಮೆ ಮಾಡಲಾರ.

ಮೂರು ಊರು, ಮೂರು ಲೆಕ್ಕ

ನಮ್ಮದೇ ಅಂಗಡಿಯ ಲೆಕ್ಕ ನೋಡುವಾಗ ಆಸೆ ಅಡ್ಡ ಬರುತ್ತದೆ. ಆದುದರಿಂದ ಈ ವಿಚಾರವನ್ನು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಮೇಲಿಟ್ಟು ನೋಡೋಣ. ಜೋಳ, ಕಡಲೆ, ಹೆಸರು, ಹತ್ತಿ ಬೆಳೆಯುವ ಎರೆಭೂಮಿಯ ಸೀಮೆಯದು. ಮೂರೂ ತಾಲ್ಲೂಕು ಕೇಂದ್ರಗಳು, ಮೂರೂ ಸಣ್ಣ ಪೇಟೆಗಳು. ಎಸ್‌ಇಒ ಮಾರುವವನ ಕಣ್ಣಿಗೆ ಮೂರೂ ಒಂದೇ. ಅಂಗಡಿಕಾರನಿಗೆ ಹಾಗಲ್ಲ.

ನರಗುಂದ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲಿರುವ ಊರು. ಅಲ್ಲಿನ ಒಂದು ಖಾನಾವಳಿಯನ್ನೋ ಪಂಕ್ಚರ್ ಅಂಗಡಿಯನ್ನೋ ತೆಗೆದುಕೊಳ್ಳಿ. ದಾರಿಹೋಕನಿಗೆ ಊರಿನಲ್ಲಿ ಯಾರ ಪರಿಚಯವೂ ಇಲ್ಲ. ಹಸಿವಾದಾಗ, ಗಾಲಿ ಕೆಟ್ಟಾಗ ಮೊಬೈಲನ್ನೇ ಕೇಳುತ್ತಾನೆ. ಅಂಗಡಿ ಇರುವ ಜಾಗ ನಕ್ಷೆಯಲ್ಲಿ ಸರಿಯಾಗಿದ್ದು, ತೆರೆಯುವ ಮುಚ್ಚುವ ವೇಳೆ ನಿಜವಾಗಿದ್ದು, ಕರೆ ಮಾಡಿದರೆ ಎತ್ತುವ ದೂರವಾಣಿ ಸಂಖ್ಯೆ ಇದ್ದರೆ ಗಿರಾಕಿ ಬಂದೇ ಬರುತ್ತಾನೆ. ಇದು ಒಂದೆರಡು ದಿನದ ಕೆಲಸ. ಗೂಗಲ್‌ನಲ್ಲಿ ವ್ಯಾಪಾರದ ವಿವರ ದಾಖಲಿಸಲು ಶುಲ್ಕವೂ ಇಲ್ಲ. ಇದಕ್ಕಾಗಿ ತಿಂಗಳು ತಿಂಗಳು ಕಂತು ಕಟ್ಟುವ ಅವಶ್ಯಕತೆ ಕಾಣುವುದಿಲ್ಲ.

ರೋಣದ ಬೀಜ-ಗೊಬ್ಬರದ ಅಂಗಡಿಯ ಮಾತು ಬೇರೆ. ಅದರ ಗಿರಾಕಿಗಳು ಸುತ್ತಲ ಹಳ್ಳಿಯ ರೈತರು. ಮುಖಪರಿಚಯ, ಉದ್ರಿ ಕೊಡುವ ನಂಬಿಕೆ, ಕಳೆದ ವರ್ಷದ ಬೀಜ ಮೊಳೆತ ಬಗೆ, ಇವುಗಳನ್ನು ನೋಡಿ ಅವರು ಅಂಗಡಿ ಆರಿಸುತ್ತಾರೆ. ಇಲ್ಲಿ ಹುಡುಕಾಟದ ಪಟ್ಟಿಯಿಂದ ಆಗುವ ಲಾಭ ಸ್ವಲ್ಪ. ಆದರೂ ವಿವರ ಸರಿಯಾಗಿರಬೇಕು. ರೋಣದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ವಿದೇಶಗಳಲ್ಲಿ ಗಂಡಸರಿಗಿಡುವ ರಾನ್ ಎಂಬ ಹೆಸರೂ ಆಗುತ್ತದೆ. ಆದುದರಿಂದ ಊರಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ತಾಲ್ಲೂಕು ಮತ್ತು ಗದಗ ಜಿಲ್ಲೆ ಎಂದು ಸೇರಿಸುವುದು ಒಳ್ಳೆಯದು. 1997ರವರೆಗೆ ಈ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು. ಗಜೇಂದ್ರಗಡವೂ ಮೊದಲು ರೋಣ ತಾಲ್ಲೂಕಿಗೇ ಸೇರಿತ್ತು. ಹಳೆಯ ವಿಳಾಸ ಉಳಿದಿದ್ದರೆ ತಿದ್ದಿಸಬೇಕು.

ಗಜೇಂದ್ರಗಡ ನೇಕಾರರ ಊರು. ಅಲ್ಲಿನ ಪಟ್ಟೇದ ಅಂಚು ಸೀರೆಯನ್ನು ಬಯಸುವ ಗ್ರಾಹಕಿ ಬೆಂಗಳೂರಿನಲ್ಲಿರಬಹುದು, ಅಮೆರಿಕದಲ್ಲೂ ಇರಬಹುದು. ಅವಳು ಅಂಗಡಿಯನ್ನಲ್ಲ, ಸೀರೆಯನ್ನು ಹುಡುಕುತ್ತಾಳೆ. ಆದ್ದರಿಂದ ಸೀರೆಯ ನೂಲು, ಅಂಚು, ಅಳತೆ, ಬೆಲೆ, ಕಳುಹಿಸುವ ಬಗೆ ಇವೆಲ್ಲವನ್ನೂ ಸ್ವಂತ ಚಿತ್ರಗಳೊಡನೆ ಕನ್ನಡ ಇಂಗ್ಲಿಷ್ ಎರಡರಲ್ಲೂ ವಿವರಿಸುವ ಜಾಲತಾಣ ಬೇಕು. ತಿಳಿದವರ ನೆರವಿಗೆ ಹಣ ಕೊಡುವುದು ನ್ಯಾಯವೆನಿಸುವುದು ಇಲ್ಲಿ. ಆದರೆ ಫಲ ಕೂಡಲೇ ಬರುವುದಿಲ್ಲ. ಕೆಲಸ ಮಾಡಿ ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕೆಂದು ಗೂಗಲ್ 2017ರಲ್ಲಿ ನೀಡಿದ ಸಲಹೆಯಲ್ಲಿ ಹೇಳಿದೆ. ಗಿಡ ನೆಟ್ಟು ಫಸಲಿಗೆ ಕಾಯುವುದು ನಮಗೆ ಹೊಸದೇನಲ್ಲ.

ಹೀಗಿರುವಾಗ ಮೂರು ಊರಿಗೂ ಒಂದೇ ಬರಹ ಸಿದ್ಧಪಡಿಸಿ, ಊರಿನ ಹೆಸರನ್ನಷ್ಟೇ ಬದಲಿಸಿ ಪುಟಗಳನ್ನು ಹುಟ್ಟಿಸುವವರ ಕೆಲಸವನ್ನು ಏನೆನ್ನಬೇಕು? ಓದುಗನನ್ನು ಒಂದೇ ಕಡೆಗೆ ಸಾಗಿಸಲು ಕಟ್ಟಿದ ಇಂಥ ಬಾಗಿಲು-ಪುಟಗಳನ್ನು ಗೂಗಲ್ ತನ್ನ ನಿಯಮಗಳಲ್ಲಿ ದುರುಪಯೋಗವೆಂದೇ ಹೆಸರಿಸಿದೆ. ಅಂಥ ಪುಟ ಕೆಳಗೆ ಬೀಳಬಹುದು, ಪಟ್ಟಿಯಿಂದಲೇ ಹೊರಬೀಳಬಹುದು. ನಷ್ಟ ಅಂಗಡಿಕಾರನದು.

ಹಣದ ಲೆಕ್ಕ

ಉದಾಹರಣೆಗೆ, ಏಜೆಂಟನೊಬ್ಬ ತಿಂಗಳಿಗೆ 4,000 ರೂಪಾಯಿ ಕೇಳಿದನೆನ್ನೋಣ. ವರ್ಷಕ್ಕೆ 48,000 ರೂಪಾಯಿ ಆಯಿತು. ಒಂದು ಸೀರೆಯಲ್ಲಿ 400 ರೂಪಾಯಿ ಉಳಿಯುವುದಾದರೆ, 120 ಸೀರೆಗಳು ಹೆಚ್ಚಾಗಿ ಮಾರಾಟವಾದಾಗ ಮಾತ್ರ ಹಾಕಿದ ಹಣ ಮರಳುತ್ತದೆ. ಲಾಭದ ಮಾತು ಅನಂತರ. ಒಂದು ಮಗ್ಗದ ಮನೆಯಲ್ಲಿ ಅಷ್ಟು ಸೀರೆ ಹೆಚ್ಚಿಗೆ ನೇಯುವ ಶಕ್ತಿಯಿದೆಯೇ ಎಂಬುದು ಮೊದಲ ಪ್ರಶ್ನೆ. ಎರಡು ಕೋಣೆಯ ಹೋಂಸ್ಟೇ ನಡೆಸುವ, ಮನೆಯಲ್ಲೇ ಪುಡಿ ಮಾಡಿ ಮಾರುವ ನಮ್ಮ ಸದಸ್ಯರೂ ಇದೇ ಲೆಕ್ಕವನ್ನು ಹಾಕಿಕೊಳ್ಳಬೇಕು. ಶನಿವಾರ ಭಾನುವಾರ ಕೋಣೆಗಳು ಈಗಲೇ ತುಂಬುತ್ತಿದ್ದರೆ, ಅದೇ ದಿನಗಳಿಗೆ ಇನ್ನಷ್ಟು ಜನರನ್ನು ಕರೆದು ಮಾಡುವುದೇನು?

ಬೆದರಿಕೆಯ ಕರೆಗಳು

ಇನ್ನೊಂದು ಬಗೆಯ ಕರೆಯೂ ಉಂಟು. "ಹಣ ಕಟ್ಟದಿದ್ದರೆ ನಿಮ್ಮ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿದೆ ಎಂದು ತೋರಿಸಲಾಗುವುದು" ಎಂಬ ಬೆದರಿಕೆ ಅದು. ಅಮೆರಿಕದಲ್ಲಿ ಗೂಗಲ್ ಹೆಸರು ಹೇಳಿ ಸಣ್ಣ ವ್ಯಾಪಾರಿಗಳಿಗೆ ಹೀಗೆ ಕರೆ ಮಾಡಿ, 300ರಿಂದ 700 ಡಾಲರ್‌ವರೆಗೆ ಪಡೆದರೆಂದು ಫ್ಲಾರಿಡಾ ರಾಜ್ಯದ ಕೆಲವರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಂಥ ಕರೆ ಬಂದರೆ ಒಟಿಪಿ ಹೇಳಕೂಡದು, ಹಣ ಕಳುಹಿಸಕೂಡದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೇಳಿದ ಕೆಲಸ ಮಾಡದೆ ಹಣ ಪಡೆದವರ ವಿಚಾರದಲ್ಲಿ ಗ್ರಾಹಕ ಸಹಾಯವಾಣಿ 1915 ಇದೆ. 

ಕೊಳ್ಳುವವರು ಗಮನಿಸತಕ್ಕ ಅಂಶಗಳು

1. ಸ್ಥಾನಕ್ಕೆ ಹಣ ಕೊಡಬೇಡಿ, ಕೆಲಸಕ್ಕೆ ಕೊಡಿ. ಏನೇನು ತಿದ್ದುತ್ತಾರೆ, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ ಎಂಬುದನ್ನು ಬರೆಸಿಕೊಳ್ಳಿ.

2. ಗೂಗಲ್ ಖಾತೆಯ ಮಾಲೀಕತ್ವ ನಿಮ್ಮ ಹೆಸರಿನಲ್ಲೇ ಇರಲಿ. ಕೆಲಸದವರಿಗೆ ಮ್ಯಾನೇಜರ್ ಅಧಿಕಾರ ಸಾಕು. ಅದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಜಾಲತಾಣದ ಹೆಸರೂ ನಿಮ್ಮದೇ ಆಗಿ ನೋಂದಣಿಯಾಗಲಿ. ತೋಟದ ಪಹಣಿಯನ್ನು ಚೇಣಿದಾರನ ಹೆಸರಿಗೆ ಮಾಡುವವರುಂಟೇ?

3. ಹಣಕ್ಕೆ ಹೊಗಳಿಕೆ ಬರೆಸಬೇಡಿ. ಸುಳ್ಳು ಅಭಿಪ್ರಾಯಗಳನ್ನು ಗೂಗಲ್ ನಿಷೇಧಿಸಿದೆ. ಭಾರತೀಯ ಮಾನಕ ಬ್ಯೂರೋ ಕೂಡ 2022ರಲ್ಲಿ ಗ್ರಾಹಕರ ಆನ್‌ಲೈನ್ ಅಭಿಪ್ರಾಯಗಳಿಗೆ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿದೆ. ನಿಜವಾದ ಗಿರಾಕಿಯ ದೂರಿಗೆ ಸೌಜನ್ಯದ ಉತ್ತರ ಬರೆಯುವುದೇ ಮೇಲು.

4. ಕರೆಗಳು, ವಿಚಾರಣೆಗಳು, ಮಾರಾಟ ಎಷ್ಟು ಹೆಚ್ಚಿತೆಂದು 3 ತಿಂಗಳಿಗೊಮ್ಮೆ ಲೆಕ್ಕ ಕೇಳಿ.

ನಮ್ಮ ಮಕ್ಕಳಿಗೊಂದು ಮಾತು

ಓದಿ ಊರಿಗೆ ಮರಳಿದ ನಮ್ಮ ತರುಣ ತರುಣಿಯರು ಈ ಉದ್ಯೋಗವನ್ನು ಕೈಗೊಂಡರೆ ನಾವು ಸ್ವಾಗತಿಸಬೇಕು. ಅವರಿಗೆ ನಮ್ಮ ಸಲಹೆ ಇಷ್ಟೇ: ಅಂಗಡಿಗೆ ಹೋದಾಗ ಮೊದಲ ಸ್ಥಾನದ ಆಸೆ ತೋರಿಸಬೇಡಿ. ಮಾಲೀಕರ ಎದುರೇ ಮೊಬೈಲ್ ತೆರೆದು, ಅವರ ಸಂಖ್ಯೆ ತಪ್ಪಾಗಿದ್ದರೆ, ವೇಳೆ ಹಳೆಯದಾಗಿದ್ದರೆ, ಕನ್ನಡದಲ್ಲಿ ಹೆಸರೇ ಇಲ್ಲದಿದ್ದರೆ ಅದನ್ನು ತೋರಿಸಿ. ತಿದ್ದುವ ಕೂಲಿ ಹೇಳಿ. ರೋಣದ ಗೊಬ್ಬರದ ಅಂಗಡಿಯಂಥ ಕಡೆ "ಅಣ್ಣಾವ್ರೇ, ನಿಮಗೆ ಇಷ್ಟು ಸಾಕು, ಹೆಚ್ಚಿನದು ಬೇಡ" ಎಂದು ಹೇಳಿ ಬನ್ನಿ. ಸಣ್ಣ ಊರಿನಲ್ಲಿ ಆ ಮಾತು ನಾಲ್ಕು ಅಂಗಡಿಗೆ ಹಬ್ಬುತ್ತದೆ. ಮುಂದಿನ ಕೆಲಸ ತಾನಾಗಿ ಬರುತ್ತದೆ.

ಸಹಕಾರವೇ ದಾರಿ

ಈ ಮೂರು ಊರುಗಳಿರುವ ಗದಗ ಸೀಮೆಯಲ್ಲೇ, ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬೊಬ್ಬರಾಗಿ ಸಾಲದ ಬಾಗಿಲಿಗೆ ಹೋಗುವ ರೈತರು ಒಟ್ಟಾಗಿ ನಿಂತರೆ ಬಲ ಬರುತ್ತದೆಂಬುದು ಅದರ ತತ್ತ್ವ. ಅಡಿಕೆ ಧಾರಣೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೊ ಹುಟ್ಟಿದ್ದೂ ಅದೇ ತತ್ತ್ವದ ಮೇಲೆ. ಹತ್ತು ಮಂದಿ ನೇಕಾರರು, ಹತ್ತು ಮಂದಿ ಹೋಂಸ್ಟೇಯವರು ಬೇರೆ ಬೇರೆಯಾಗಿ ಹತ್ತು ಏಜೆಂಟರಿಗೆ ಕಂತು ಕಟ್ಟುವ ಬದಲು, ಸಂಘದ ಮೂಲಕ ಬಲ್ಲವರೊಬ್ಬರನ್ನು ನೇಮಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ, ಕೆಲಸದ ಮೇಲೆ ಕಣ್ಣೂ ಇರುತ್ತದೆ.

ಮೇಲಿನ ವಿಚಾರವನ್ನು ಸದಸ್ಯರು ತಮ್ಮ ವಲಯದ ಸಭೆಗಳಲ್ಲಿ ಚರ್ಚಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ, ಕರೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: "ನೀವು ಮಾಡುವ ಕೆಲಸ ಯಾವುದು?" ಉತ್ತರದಲ್ಲಿ ಸ್ಥಾನದ ಮಾತು ಮಾತ್ರ ಇದ್ದರೆ, ನಮಸ್ಕಾರ ಹೇಳಿ ಫೋನು ಇಡುವುದು ಲೇಸು.